ಬಾಣಂತಿ ಕೋಣೆಯ ಬಾಟಲಿಗಳು

"ಒಂದು ವಾರ ಹಾಲ್‌ನಲ್ಲೇ ಮಲ್ಕೋ ಸೌಮ್ಯ. ಅಷ್ಟರಲ್ಲಿ ಬೇರೆ ಏನಾದ್ರೂ ಮಾಡ್ತೀನಿ," ಎಂದ ಗಿರಿರಾಜ್.

ಆಸ್ಪತ್ರೆಯಿಂದ ಆಗತಾನೇ ಬಂದು, ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ತುದಿಗೆ ಕೂತಿದ್ದ ಸೌಮ್ಯಶ್ರೀಗೆ ಹೊಟ್ಟೆಯ ಹೊಲಿಗೆಗಿಂತ ಗಂಡನ ಮಾತೇ ಹೆಚ್ಚು ಚುಚ್ಚಿತು. ತವರಿಗೆ ಹೋಗೋಣವೆಂದರೆ ಹೊಸಹಳ್ಳಿಯ ಆ ಬಾಡಿಗೆ ಮನೆ ಇರುವುದು ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ. ಬಸವೇಶ್ವರನಗರದ ಈ ಮನೆಯಲ್ಲಿ ಬಿಸಿಲು ಬೀಳದ, ಗಾಳಿ ನುಗ್ಗದ ಕೋಣೆಯೆಂದರೆ ಹಿಂದಿನದೊಂದೇ. ಬಾಣಂತನಕ್ಕೆ ಅದೇ ಎಂದು ಬಸಿರು ನಿಂತಾಗಲೇ ಮಾತಾಗಿತ್ತು. ಅವಳು ಹೆರಿಗೆಗೆ ಹೋದದ್ದೇ ತಡ, ಗಿರಿರಾಜ್ ಅಲ್ಲಿ ಮರದ ರ‍್ಯಾಕು ನಿಲ್ಲಿಸಿ, ಕೂಡಿಹಾಕಿದ್ದ ವೈನ್ ಬಾಟಲಿಗಳನ್ನು ಸಾಲಾಗಿ ಮಲಗಿಸಿ, ಬೆಡ್‌ಶೀಟು ಹೊದಿಸಿ, ಬಾಗಿಲಿಗೆ ಬೀಗ ಜಡಿದಿದ್ದ. ಕುಡಿಯುವುದಕ್ಕಲ್ಲವಂತೆ, ವರ್ಷಗಟ್ಟಲೆ ಜೋಪಾನವಾಗಿ ಇಡುವುದಕ್ಕಂತೆ.

"ಅವಕ್ಕೆ ಬೆಳಕು ಆಗಲ್ಲ, ಶಾಖ ಆಗಲ್ಲ, ಅಲುಗಾಡಿಸೋ ಹಾಗಿಲ್ಲ ಕಣೇ," ಎಂದ ಪಿಸುದನಿಯಲ್ಲಿ.

"ಹೆತ್ತಿರೋದು ನಾನು ಕಣ್ರೀ. ಬಾಣಂತನ ಅವಕ್ಕಾ?"

ಅಷ್ಟರಲ್ಲಿ ಅತ್ತೆ ಜಗದಾಂಬಾ ಕೆಂಡ ತುಂಬಿದ ಅಗ್ಗಿಷ್ಟಿಕೆ ಹಿಡಿದು ಅಡುಗೆಮನೆಯಿಂದ ಬಂದರು. ಬೆಳಿಗ್ಗೆಯಷ್ಟೇ ಊರಿಂದ ಬಂದಿದ್ದ ಅವರಿಗೆ ಬಾಣಂತಿ ಕೋಣೆ ಇನ್ನೂ ಬೆಚ್ಚಗಾಗಿಲ್ಲವಲ್ಲ ಎಂಬ ಚಡಪಡಿಕೆ.

"ಬೀಗ ತೆಗಿಯೋ. ಹಸಿ ಮೈಯಲ್ಲಿ ಎಷ್ಟೊತ್ತು ಕೂತಿರ್ತಾಳೆ ಅವಳು?"

ಗಿರಿರಾಜ್ ಜೇಬು ತಡಕಾಡಿದ, ಇನ್ನೊಂದು ಜೇಬು ತಡಕಾಡಿದ, ಕೊನೆಗೆ ತೆಗೆದ. ಜಗದಾಂಬಾ ಒಳಹೊಕ್ಕವರೇ ಬೆಡ್‌ಶೀಟು ಎಳೆದರು.

"ಏನೋ ಇವು?"

ಲಿಂಗಪೂಜೆಯಾಗದೆ ಕಾಫಿಯನ್ನೂ ಮುಟ್ಟದ ತಾಯಿ. ಮಗ ಬೆಡ್‌ಶೀಟನ್ನು ಮತ್ತೆ ಹೊದಿಸಲು ಹೋದ. "ಅದು... ದ್ರಾಕ್ಷಿದು. ದ್ರಾಕ್ಷಾರಿಷ್ಟ ಅಮ್ಮ. ಬಾಣಂತಿಗೆ ಒಳ್ಳೇದಂತೆ."

ಜಗದಾಂಬಾರ ಮುಖ ಊರಗಲವಾಯಿತು. "ನೋಡೇ ಸೌಮ್ಯ, ಹೆಂಡ್ತಿ ಮೇಲೆ ಎಷ್ಟು ಕಾಳಜಿ. ನಿಮ್ಮ ಮಾವ ಒಂದು ಚೂರು ಒಣಶುಂಠಿ ತಂದುಕೊಟ್ಟವರಲ್ಲ." ಒಂದು ಬಾಟಲಿ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು. ಅಡಿಯಲ್ಲಿ ಗಷ್ಟು ನಿಂತಿದೆಯೆಂದು ಗಳಗಳ ಕುಲುಕಿದರು. ಗಿರಿರಾಜ್ ಕಣ್ಣು ಮುಚ್ಚಿಕೊಂಡ. "ಈ ಬಿರಡೆ ಒಳಗೆ ತಳ್ಳಿಕೊಡೋ. ಊಟ ಆದ್ಮೇಲೆ ಇವಳಿಗೆ ಒಂದು ಒಳಲೆ ಕುಡಿಸಿಬಿಡ್ತೀನಿ."

ಗಂಡ ಹೆಂಡತಿಯ ಮುಖ ನೋಡಿದ. ಹೇಗಾದರೂ ಮಾಡಿ ಪಾರು ಮಾಡು ಎನ್ನುವ ನೋಟ.

ಸೌಮ್ಯಶ್ರೀ ಮಗುವನ್ನು ಎದೆಗೊರಗಿಸಿಕೊಂಡು ಮೆಲ್ಲಗೆ ಎದ್ದಳು. ಗೋಡೆ ಹಿಡಿದು ಕೋಣೆಗೆ ಬಂದು, ಮಂಚದ ಮೇಲೆ ಕಾಲು ಚಾಚಿ ಮಲಗಿಕೊಂಡಳು.

"ಈಗಲೇ ಬೇಡ ಅತ್ತೆ. ಅದಿನ್ನೂ ಪಕ್ವ ಆಗಿಲ್ಲ. ಬಾಣಂತಿ ಕೋಣೆ ಶಾಖ ತಾಗ್ತಾ ತಾಗ್ತಾ ಗುಣ ಬರುತ್ತಂತೆ. ಅಲ್ವೇನ್ರೀ?"

ಗಿರಿರಾಜ್ ಹೂಂ ಎಂದ. ಜಗದಾಂಬಾ ಅಗ್ಗಿಷ್ಟಿಕೆಯನ್ನು ರ‍್ಯಾಕಿನ ಬುಡಕ್ಕೆ ಸರಿಸಿ, ಕೆಂಡ ಕೆದಕಿ, ಒಂದು ಹಿಡಿ ಸಾಂಬ್ರಾಣಿ ಉದುರಿಸಿದರು.