ಹಾಲು ಮರೆತ ಹೆಪ್ಪು

ಬೇವಿನ ಹೊಗೆ ಹಿಡಿದ ಗಡಿಗೆಯಲ್ಲಿ ಹೆಪ್ಪಾದ ಮೊಸರಿನ ವಾಸನೆ. ಚಿಕ್ಕಂದಿನಲ್ಲಿ ನಜಮುನ್ನೀಸಾ ಪಕ್ಕದ ಮನೆಯ ಹೊಸ್ತಿಲಾಚೆ ಕೂತು ಕಾಯುತ್ತಿದ್ದುದು ಅದಕ್ಕೇ. ಇವತ್ತು ಬೆಳಗ್ಗೆ ಆ ಮನೆಯ ಅಂಬುಬಾಯಿ ಅದೇ ಗಡಿಗೆಯನ್ನು ಅದೇ ಹೊಸ್ತಿಲಿಗೆ ತಂದು ಮುಚ್ಚಳ ತೆಗೆದಳು. ಆ ವಾಸನೆಯೇ ಇಲ್ಲ. ನಿನ್ನೆ ಸಂಜೆ ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಇತ್ತು.

ಎರಡು ವರ್ಷದ ಹಿಂದೆ ಈ ಗಡಿಗೆಯದೇ ಒಂದು ಚಮಚ ಮೊಸರನ್ನು ನಜಮುನ್ನೀಸಾ ಯೂನಿವರ್ಸಿಟಿಯ ಲ್ಯಾಬಿಗೆ ಒಯ್ದಿದ್ದಳು. ಅದರ ಜೀವಾಣುಗಳನ್ನು ಬೆಳೆಸಿ, ಮುಂದೆ ಅವುಗಳ ವಂಶಗುಣವನ್ನೇ ತಿದ್ದಿ, ತಮ್ಮೂರು ಆಡಕಿಯ ಬೇಸಿಗೆಯಲ್ಲೂ ಹುಳಿ ಏರದ ಮೊಸರು ಮಾಡಬೇಕೆಂಬ ಆಸೆ ಅವಳದು. ನಿನ್ನೆ ಒಂದು ಸೀಸೆ ತಂದು, ‘ನಿಮ್ಮದೇ ಹೆಪ್ಪು, ನನ್ನ ಕೈಯಾಗ ಬೆಳದದ’ ಎಂದು ಕೊಟ್ಟಿದ್ದಳು. ಹಳೆಯ ಮೊಸರು ಕೂಡದಂತೆ ಗಡಿಗೆಯನ್ನು ಕುದಿನೀರಿನಲ್ಲಿ ತೊಳೆಯಲು ಹೇಳಿದ್ದಳು.

“ಹಳೀ ಮೊಸರು ಎಲ್ಲದ ಚಿಗವ್ವಾ?” ನಜಮುನ್ನೀಸಾ ಹೊಸ್ತಿಲಾಚೆಯಿಂದ ಕೇಳಿದಳು.

“ಕೂಡಬಾರ್ದಂತ ನೀನೇ ಅಂದಿದ್ದಿ. ಎಮ್ಮಿ ಮುಸುರಿಗಿ ಹಾಕ್ದೆ.”

ದನಿಯಲ್ಲಿ ದೂರಿರಲಿಲ್ಲ. ಒಳಗೆ ಅಂಬುಬಾಯಿಯ ಮಾವ ಗುರುಲಿಂಗಪ್ಪ ಕೆಮ್ಮಿದರು. ಮೂರು ತಿಂಗಳಿಂದ ಅವರ ಹೊಟ್ಟೆಯಲ್ಲಿ ನಿಲ್ಲುವುದು ಮೊಸರಿನಲ್ಲಿ ಕಲಸಿದ ರೊಟ್ಟಿಯೊಂದೇ.

ಲ್ಯಾಬಿನಲ್ಲಿ ನಜಮುನ್ನೀಸಾ ಜೀವಾಣುಗಳಿಗೆ ದಿನಾ ಸಕ್ಕರೆಯ ನೀರು ಕೊಟ್ಟಿದ್ದಳು. ಬೆಳಗಾದರೆ ಗಾಜಿನ ನಳಿಗೆಯೊಳಗಿನ ನೀರು ಮಂಜಾಗಿರುತ್ತಿತ್ತು. ಚೆನ್ನಾಗಿ ಬೆಳೆದಿವೆ ಎಂದುಕೊಂಡಿದ್ದಳು. ಒಂದು ತೊಟ್ಟನ್ನೂ ಹಾಲಿಗೆ ಹಾಕಿ ನೋಡಿರಲಿಲ್ಲ. ಸಿದ್ಧ ಊಟ ಸಿಕ್ಕ ಜೀವಾಣುಗಳು ಹಾಲನ್ನು ಅರಗಿಸುವ ಗುಣವನ್ನೇ ಎಲ್ಲೋ ಕಳೆದುಕೊಂಡಿದ್ದವು.

“ಸಕ್ರಿ ಉಣಿಸಿ ಉಣಿಸಿ ಅವಕ್ಕ ಹಾಲೇ ಮರಸೀನಿ, ಚಿಗವ್ವಾ.”

“ತವರಮನ್ಯಾಗ ಭಾಳ ಮುದ್ದು ಮಾಡಿದ್ರ ಹಂಗೇ, ಬಿಡು” ಎಂದು ಅಂಬುಬಾಯಿ ಬಟ್ಟಲು ಹಿಡಿದು ಎರಡು ಮನೆಗಳ ನಡುಗೋಡೆಯ ಕಡೆ ನಡೆದಳು.

ಮೂವತ್ತು ವರ್ಷ ಆ ಗೋಡೆಯ ಮೇಲಿಂದ ಹೆಪ್ಪು ಆಚೆ ಹೋಗಿತ್ತು. ನಜಮುನ್ನೀಸಾಳ ತಾಯಿ ಜೈತುನಬೀ ದಿನವೂ ಹಾಲಿಗೆ ಹಾಕುತ್ತ ಅದನ್ನು ಆರಲು ಬಿಟ್ಟಿರಲಿಲ್ಲ. ಆದರೆ ಅವಳ ಅಡುಗೆಮನೆಯ ಒಂದು ಅಗುಳೂ ಈಚೆ ಬಂದಿರಲಿಲ್ಲ. ಬರಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ತಂದಿರಲಿಲ್ಲ, ಅಷ್ಟೆ.

“ಜೈತುನಬೀ, ಒಂದು ಬಟ್ಲ ಮೊಸರು ಕೊಡವ್ವಾ.”

ಆಚೆ ಬಳೆಯ ಸದ್ದು ನಿಂತಿತು. ಆಮೇಲೆ ಸೆರಗು ಮುಚ್ಚಿದ ಬಟ್ಟಲನ್ನು ಎರಡು ಕೈಗಳು ಗೋಡೆಯ ಮೇಲಿಟ್ಟವು.

ಗುರುಲಿಂಗಪ್ಪ ಹೊಸ್ತಿಲ ಬಳಿ ಬಂದು ಕೂತರು. ಅಂಬುಬಾಯಿ ಮುಂದಿಟ್ಟ ರೊಟ್ಟಿ ಮೊಸರಿನ ತಟ್ಟೆ ನೋಡಿ, ಮೊಸರು ಯಾರ ಮನೆಯದೆಂದು ಕೇಳಿದರು.

“ಜೈತುನಬೀ ಮನೀದ್ರಿ” ಎಂದಳು ಅಂಬುಬಾಯಿ, ತಲೆ ತಗ್ಗಿಸದೆ.

ಮುದುಕರು ಬಾಗಿ ಮೂಸಿದರು. ಚಿಕ್ಕಂದಿನಂತೆಯೇ ಹೊಸ್ತಿಲಾಚೆ ಕೂತಿದ್ದ ನಜಮುನ್ನೀಸಾ ಅವರ ಕೈಯನ್ನೇ ನೋಡಿದಳು. ಅವರು ರೊಟ್ಟಿ ಮುರಿದು ಕಲಸಿದರು. ಒಂದು ತುತ್ತು, ಇನ್ನೊಂದು. ಆಮೇಲೆ ಬೇರೊಂದು ತಟ್ಟೆಗೆ ಮಿಕ್ಕ ರೊಟ್ಟಿ ಹಾಕಿ, ಮೇಲೆ ಮೊಸರು ಸುರಿದು, ಅದನ್ನು ಆಚೆ ನೂಕದೆ, ಹೊಸ್ತಿಲ ಒಳಗೆ ತಮ್ಮ ಮಗ್ಗುಲಿಗೇ ಇಟ್ಟು, ಅವಳಿಗಾಗಿ ಸ್ವಲ್ಪ ಸರಿದು ಕೂತರು.