ಟಿಫಿನ್ ಡಬ್ಬಿಗಾಗಿ ಕುಡಿದ ಚಹಾ

ಚಹಾಪುಡಿಯ ಹೊಸ ಪೊಟ್ಟಣದ ವಾಸನೆ ಬಂದರೆ ಈಗಲೂ ಹಲ್ಲು ಕಚ್ಚುತ್ತೇನೆ, ಮೊಮ್ಮಕ್ಕಳೇ.

ಪೊಟ್ಟಣಕ್ಕೊಂದು ಕೂಪನ್ನು, ನಲವತ್ತು ಕೂಡಿಸಿದರೆ ಸ್ಟೀಲಿನ ಟಿಫಿನ್ ಡಬ್ಬಿ. ಹಾಲುಪುಡಿಯ ತುಕ್ಕು ಹಿಡಿದ ಡಬ್ಬಿಯಲ್ಲಿ ಶಾಲೆಗೆ ಅವಲಕ್ಕಿ ಒಯ್ಯುತ್ತಿದ್ದ ನನಗೆ ಅದು ಸಿಗಲೆಂದು ಅಮ್ಮ ಕೊತ್ತಂಬರಿ ಕಷಾಯ ನಿಲ್ಲಿಸಿ, ಮನೆಮಂದಿಗೆಲ್ಲ ಚಹಾ ಕುಡಿಸಿದಳು. ಮೂಗು ಮುರಿಯುತ್ತಿದ್ದ ಅಜ್ಜಿಯನ್ನೂ ಬಿಡಲಿಲ್ಲ.

ನಲವತ್ತೂ ಹಿಡಿದು ನಾನು ಹೋದ ಮಧ್ಯಾಹ್ನ ಎಕ್ಕಂಬಿ ಊರಿನ ಅಂಗಡಿ ಮಾವ ಕೈ ಚೆಲ್ಲಿದರು. "ಸ್ಕೀಮು ಮುಗದೋತು ಕೂಸೇ. ಕಂಪನಿಯವು ಯಂಗೂ ಹೇಳಿದ್ವಿಲ್ಲೆ. ಬೆಳಗಿಂದ ಊರವರ ಬೈಗಳೆಲ್ಲ ಯಂಗೇ!"

ಅಮ್ಮ ಕೂಪನ್ನುಗಳನ್ನು ಒಲೆಗೆ ತುರುಕಿದಳು. "ಆ ಪುಡಿ ಇನ್ನು ಈ ಮನೆಗೆ ಬಪ್ಪಲಾಗ!"

ಮರುದಿನ ಅಜ್ಜಿ ಕಷಾಯದ ಲೋಟ ದೂಡಿದಳು. "ತಲೆ ಸಿಡೀತಾ ಇದ್ದು. ಚಾ ಇಲ್ಯನೇ?" ಅಪ್ಪನೂ ಲೋಟ ಮುಟ್ಟಲಿಲ್ಲ.

ಅಮ್ಮ ನನ್ನ ಮುಖ ನೋಡದೆ ದುಡ್ಡು ಕೊಟ್ಟಳು. "ಹೋಗು, ಅದೇ ಪುಡಿ ತಗಂಡ್ ಬಾ."