ನಾಲ್ಕು ಗಂಟೆಯ ಹಸುಗಳು

"ಸಡಿಲ ಬಿಡಿ ಅಂದ್ರೆ ನೀವು ಬಿಗೀತಿದೀರಿ. ನೋಡಿ, ಗೆರೆ ಮತ್ತೆ ಮೇಲಕ್ಕೆ ಹೋಯ್ತು," ಎಂದಳು ಟೆಸ್ಸಾ.

ಓರಿನ್ ಗೆರೆಯನ್ನು ನೋಡಲಿಲ್ಲ. ಆಸ್ಪತ್ರೆಯ ಗೋಡೆಯ ಗಡಿಯಾರ ನೋಡುತ್ತಿದ್ದ. ಮೂರು ಹತ್ತು. ಮನೆಗೆ ಅರ್ಧ ಗಂಟೆಯ ದಾರಿ, ನಾಲ್ಕಕ್ಕೆ ಹಾಲು ಕರೆಯಬೇಕು. ಸೊಂಟದ ಕೆಳಗೆ ಬಿಳಿ ಹೊದಿಕೆ ಸುತ್ತಿಕೊಂಡು, ಪಾದಗಳನ್ನು ಗಿಡ್ಡ ಮಣೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತಿದ್ದ. ಗುದದ ಎರಡೂ ಪಕ್ಕ ಅಂಟಿಸಿದ್ದ ಬಿಲ್ಲೆಗಳಿಂದ ತಂತಿಗಳು ಹೊರಟು ಮೇಜಿನ ಮೇಲಿನ ಪರದೆಗೆ ಹೋಗಿದ್ದವು. ಅಲ್ಲಿಯ ಸ್ನಾಯು ಬಿಗಿದರೆ ಹಸಿರು ಗೆರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಐದು ವಾರದಲ್ಲಿ ಅದು ಒಮ್ಮೆಯೂ ಇಳಿದಿರಲಿಲ್ಲ. ಅವನ ಬಲಗಾಲು ಮಣೆಯ ಮೇಲೆ ಕುಣಿಯುತ್ತಲೇ ಇತ್ತು.

"ಬಾಗಿಲು ನೂಕೋರೂ ನೀವೇ, ಚಿಲಕ ಹಿಡ್ಕೊಂಡಿರೋರೂ ನೀವೇ. ಹೆಂಗೆ ತೆಗೆಯುತ್ತೆ?"

"ಅರವತ್ತೆರಡು ವರ್ಷ ಯಾರೂ ಹೇಳಿಕೊಡದೇನೇ ಹೋಗಿದೀನಿ ಕಣಮ್ಮ."

"ಎಲ್ಲಿ ಹೋಗಿದೀರಿ? ಹೊಟ್ಟೆ ಕಟ್ಟಿ ಒಂಬತ್ತು ದಿನ ಆಯ್ತು ಅಂತ ಆಂಬುಲೆನ್ಸಲ್ಲಿ ಬಂದವರು ಯಾರು?"

ಅವನಿಗೆ ನಗು ಬಂತು, ನಗಲಿಲ್ಲ. ಶಾಲೆಗೆ ಹೋಗುವಾಗ ಇವಳು ಎರಡು ಬೇಸಿಗೆ ಅವನ ಕೊಟ್ಟಿಗೆಯಲ್ಲಿ ಕೆಲಸ ಮಾಡಿದ ಹುಡುಗಿ. ವಿಸ್ಕಾನ್ಸಿನ್ನಿನ ಆ ಮೂಲೆಯಲ್ಲಿ ಈ ಚಿಕಿತ್ಸೆ ಗೊತ್ತಿದ್ದವಳು ಇವಳೊಬ್ಬಳೇ. ಇವತ್ತೇ ಚಿಕಿತ್ಸೆಯ ಕೊನೆಯ ದಿನ. ತಿಣುಕಿ ತಿಣುಕಿ ಒಳಗಿನ ಕರುಳೇ ಹೊರಗೆ ಜಾರತೊಡಗಿತ್ತು; ಇದರಲ್ಲೂ ಆಗದಿದ್ದರೆ ಆಪರೇಷನ್ನೇ ಎಂದು ಡಾಕ್ಟರು ತಾರೀಕು ಗೊತ್ತು ಮಾಡಿದ್ದರು. ಆಪರೇಷನ್ ಆದರೆ ಎರಡು ತಿಂಗಳು ಒಂದು ಬಕೆಟ್ಟನ್ನೂ ಎತ್ತುವಂತಿಲ್ಲ. ಹೆಂಡತಿ ಆರ್ಡಿಸಳ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು. ನಲವತ್ತೊಂದು ಹಸುಗಳನ್ನು ಮಾರದೆ ಬೇರೆ ದಾರಿ ಇರಲಿಲ್ಲ.

"ಈ ಸಲ ತಿಣುಕಲೇಬೇಡಿ. ಉಸಿರು ಬಿಡ್ತಾ, ತಗ್ಗಿದ ದನೀಲಿ, ಉದ್ದಕ್ಕೆ ಅಂಬಾ ಅನ್ನಿ."

"ಏನನ್ನಲಿ?"

"ಅಂಬಾ. ಹಸು ಥರ. ದನಿ ಹೊರಗೆ ಹೋದ್ರೆ ಕೆಳಗೆ ತಾನಾಗೇ ಸಡಿಲ ಆಗುತ್ತೆ."

"ಹೊರಗೆ ಐದು ಜನ ಕೂತಿದಾರೆ. ಒಬ್ಬ ನಮ್ಮ ಚರ್ಚಿನವನು. ಭಾನುವಾರ ಕಾಫಿ ಹೊತ್ತಿಗೆ ಊರಿಗೆಲ್ಲ ಇದೇ ಮಾತಾಗುತ್ತೆ. ಆಗಲ್ಲ ಬಿಡು. ತಂತಿ ಕೀಳು, ನಾನು ಹೋಗ್ಬೇಕು."

ಟೆಸ್ಸಾ ತಂತಿ ಮುಟ್ಟಲಿಲ್ಲ. "ನಿಮ್ಮ ಆ ಕೆಂದ ಹಸು ನಂಗೆ ಹಾಲೇ ಬಿಡ್ತಿರ್ಲಿಲ್ಲ. ಸಿಟ್ಟು ಬಂದು ಅದರ ಪಕ್ಕೆಗೆ ಗುದ್ದಿದ್ದೆ. ಆವತ್ತು ನೀವೇನಂದ್ರಿ, ಜ್ಞಾಪಕ ಇದೆಯಾ?"

ಇತ್ತು. ಹೆದರಿದ ಹಸು ಹಾಲು ಬಿಡೋದಿಲ್ಲ, ನಿನ್ನ ಅವಸರ ಹೊರಗಿಟ್ಟು ಬಾ ಎಂದಿದ್ದ.

"ಅದು ಹಸು," ಎಂದ ಓರಿನ್.

"ಸರಿ, ಅಂಬಾ ಬೇಡ. ಸಂಜೆ ಹುಲ್ಲುಗಾವಲಿಂದ ಅವನ್ನ ಕೂಗ್ತೀರಲ್ಲ, ಹಾಗೆ ಕೂಗಿ. ಅದಕ್ಕೂ ನಾಚಿಕೆನಾ?"

ಅವನು ಬಾಗಿಲ ಕಡೆ ನೋಡಿದ. ಗಡಿಯಾರ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ. 'ಬಾರೇ ಹಸುವೇ' ಎಂದು ಕರೆಯುವ, ಅಪ್ಪನಿಂದ ಬಂದ ಕೂಗು ಅದು, ಹೊಟ್ಟೆಯ ತಳದಿಂದ ಎದ್ದು ಎದುರು ಗುಡ್ಡ ಮುಟ್ಟುವಂಥದ್ದು.

"ಕಂ... ಬಾಸೀ... ಕಂ... ಬಾಸೀ..."

ಹೊರಗೆ ಮಾತು ನಿಂತಿತು. ಒಳಗೆ ಮಣೆಯ ಮೇಲೆ ಕುಣಿಯುತ್ತಿದ್ದ ಕಾಲೂ ನಿಂತಿತು. ಟೆಸ್ಸಾ ಪರದೆಯನ್ನು ಅವನ ಕಡೆ ತಿರುಗಿಸಿದಳು. ಹಸಿರು ಗೆರೆ ಕೆಳಗೆ, ಪರದೆಯ ಅಂಚಿನ ಹತ್ತಿರ ಮಲಗಿತ್ತು.

"ಆಪರೇಷನ್ ಸದ್ಯಕ್ಕೆ ತಡೀರಿ ಅಂತ ಡಾಕ್ಟರಿಗೆ ಇವತ್ತೇ ಬರೀತೀನಿ," ಎಂದಳು, ಅವನು ಬಟ್ಟೆ ಹಾಕಿಕೊಂಡು ಹೊರಬಂದಾಗ. "ಆದ್ರೆ ಒಂದು ಮಾತು. ಬರೋ ಹಾಗಾದಾಗ ಆಗಲೇ ಹೋಗ್ಬೇಕು. ಹಾಲು ಕರೆದು ಬರ್ತೀನಿ, ಮೇವು ಹಾಕಿ ಬರ್ತೀನಿ ಅಂತ ನಲವತ್ತು ವರ್ಷ ತಡೆದೇ ಹೀಗಾಗಿರೋದು."

"ಆಯ್ತು, ಆಯ್ತು." ಟೋಪಿ ತಲೆಗಿಟ್ಟು, ಟ್ರಕ್ಕಿನ ಕೀಲಿ ಹಿಡಿದು ಅವನು ಬಿರಬಿರನೆ ಹೊರಟ. ಗಂಟೆ ಮೂರು ನಲವತ್ತು.

ಕಾರಿಡಾರಿನ ನಡುವೆ ಹೊಟ್ಟೆಯೊಳಗೆ ಏನೋ ಮೆಲ್ಲಗೆ ಜರುಗಿತು. ಹಳೆಯ ಅಭ್ಯಾಸಕ್ಕೆ ಮೈ ತಾನಾಗಿ ಬಿಗಿಯಿತು. ಎರಡು ಹೆಜ್ಜೆ ಮುಂದೆಯೂ ಹೋದ. ಅಷ್ಟರಲ್ಲಿ ಫೋನು.

"ಎಲ್ಲಿದೀಯ ಓರಿನ್? ಗೇಟಿನ ಹತ್ರ ಎಲ್ಲಾ ಬಂದು ನಿಂತಿವೆ. ಕೇಳಿಸ್ತಿದೆಯಾ ಅವುಗಳ ಗಲಾಟೆ?"

ಆರ್ಡಿಸಳ ದನಿಗಿಂತ ಜೋರಾಗಿ ಕೇಳಿಸುತ್ತಿತ್ತು. ಎದುರಿಗೆ ಗಾಜಿನ ಬಾಗಿಲು, ಅದರಾಚೆ ಟ್ರಕ್ಕು. ಎಡಕ್ಕೆ ಶೌಚಾಲಯದ ಬಾಗಿಲು. ಅವನ ಕಾಲು ಮತ್ತೆ ಕುಣಿಯತೊಡಗಿತು.

"ಕೂಗಲಿ ಬಿಡು," ಎಂದ.

ಹಿಂದೆಯೇ ಬಂದಿದ್ದ ಟೆಸ್ಸಾಳ ಕೈಗೆ ಫೋನನ್ನೂ ಕೀಲಿಯನ್ನೂ ತುರುಕಿ, ಎಡಗಡೆಯ ಬಾಗಿಲು ನೂಕಿ ಒಳಗೆ ಹೋದ. ಚಿಲಕ ಬಿತ್ತು. ಕಾರಿಡಾರಿನಲ್ಲಿ ಒಬ್ಬಳೇ ನಿಂತ ಟೆಸ್ಸಾಳ ಅಂಗೈಯಲ್ಲಿ ಹಸುಗಳು ಕೂಗುತ್ತಲೇ ಇದ್ದವು.